ಮನಸ್ಸಿನ ಕಾಯಿಲೆಯ ಚಿಕಿತ್ಸೆ: ವಿಮೆಯ ಹಕ್ಕು ಮತ್ತು ಬಿಲ್ಲಿನ ಲೆಕ್ಕ

ಪೀಠಿಕೆ

ಸುಖೀ ಸಂಸಾರಕ್ಕೆ ದೇಹದ ಆರೋಗ್ಯ ಎಷ್ಟು ಅವಶ್ಯಕವೋ ಮನಸ್ಸಿನ ಆರೋಗ್ಯವೂ ಅಷ್ಟೇ ಅವಶ್ಯಕ. ಚಿತೆ ಸತ್ತವರನ್ನು ಸುಟ್ಟರೆ ಚಿಂತೆ ಬದುಕಿರುವವರನ್ನು ಸುಡುತ್ತದೆ ಎಂದು ನಮ್ಮ ಹಿರಿಯರು ಹೇಳಿರುವರು. ಜ್ವರ ಬಂದರೆ ನಾವು ವೈದ್ಯರ ಬಳಿಗೆ ಹೋಗುತ್ತೇವೆ. ಕೈ ಮುರಿದರೆ ಆಸ್ಪತ್ರೆಗೆ ಸೇರುತ್ತೇವೆ. ಆದರೆ ಮನಸ್ಸು ಕುಗ್ಗಿದಾಗ ಮಾತ್ರ ಅದನ್ನು ಗ್ರಹಚಾರವೆಂದೋ ಗಾಳಿಯ ಸೋಂಕೆಂದೋ ಭಾವಿಸಿ ಸುಮ್ಮನಿರುತ್ತೇವೆ. ಇದಕ್ಕೆ ನಾಚಿಕೆ ಒಂದು ಕಾರಣ. ಖರ್ಚಿನ ಭಯ ಇನ್ನೊಂದು ಕಾರಣ. ಈ ಎರಡನೆಯ ಭಯವನ್ನು ನಿವಾರಿಸುವುದೇ ಈ ಪಾಠದ ಉದ್ದೇಶ. ಮನಸ್ಸಿನ ಕಾಯಿಲೆಯ ಚಿಕಿತ್ಸೆಗೆ ಯಾವ ನೆರವು ದೊರೆಯುತ್ತದೆ, ಯಾರ ಬಳಿ ಚಿಕಿತ್ಸೆ ಪಡೆಯಬೇಕು, ಬಿಲ್ಲನ್ನು ಹೇಗೆ ಪಡೆಯಬೇಕು ಎಂಬುದನ್ನು ಪತಿಪತ್ನಿಯರಿಬ್ಬರೂ ಒಟ್ಟಿಗೆ ಕುಳಿತು ಓದಿ ತಿಳಿಯತಕ್ಕದ್ದು.

ಒಂದು ಸಂಸಾರದ ಉದಾಹರಣೆ

ಹೀಗೊಂದು ಸಂಸಾರವನ್ನು ಊಹಿಸಿಕೊಳ್ಳಿ. ಗಂಡ ಮೂರು ಎಕರೆಯ ರೈತ. ಹೆಂಡತಿಗೆ ಚೊಚ್ಚಲ ಹೆರಿಗೆಯಾಗಿ ಮೂರು ವಾರ ಕಳೆದಿದೆ. ಆಕೆ ರಾತ್ರಿಯೆಲ್ಲ ನಿದ್ರಿಸುವುದಿಲ್ಲ, ಕಾರಣವಿಲ್ಲದೆ ಅಳುತ್ತಾಳೆ, ಹಸುಗೂಸನ್ನು ಎತ್ತಿಕೊಳ್ಳಲು ಹೆದರುತ್ತಾಳೆ, ಇಲ್ಲದ ಮಾತುಗಳು ಕೇಳಿಸುತ್ತಿವೆ ಎನ್ನುತ್ತಾಳೆ. ಅತ್ತೆ ಇದನ್ನು ಬಾಣಂತಿ ಸನ್ನಿ ಎಂದು ಗುರುತಿಸುತ್ತಾರೆ. ಮೊದಲು ಯಂತ್ರ ಕಟ್ಟಿಸುತ್ತಾರೆ. ನಂತರ ಪಟ್ಟಣದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಎಂಟು ದಿನ ಇರಿಸುತ್ತಾರೆ. ಆಕೆ ಗುಣಮುಖಳಾಗುತ್ತಾಳೆ. ಆದರೆ ಕೈಗೆ ಬಂದದ್ದು ‘ಚಿಕಿತ್ಸಾ ವೆಚ್ಚ’ ಎಂಬ ಒಂದೇ ಸಾಲಿನ ಚೀಟಿ. ಗಂಡನ ಬಳಿ ಆರೋಗ್ಯ ವಿಮೆಯ ಪಾಲಿಸಿ ಇತ್ತು. ಮನಸ್ಸಿನ ಕಾಯಿಲೆಗೆ ವಿಮೆ ಸಿಗದೆಂದು ಯಾರೋ ಹೇಳಿದ್ದನ್ನು ನಂಬಿ ಆತ ಕೇಳಲೇ ಇಲ್ಲ. ಕೊನೆಗೆ ಹಾಲು ಕೊಡುವ ಹಸುವನ್ನು ಮಾರಿ ಸಾಲ ತೀರಿಸಿದ.

ಈ ದಂಪತಿಗಳು ಮಾಡಿದ ತಪ್ಪು ಯಾವುದು? ಚಿಕಿತ್ಸೆ ಕೊಡಿಸಿದ್ದು ತಪ್ಪಲ್ಲ. ಅದು ಸರಿಯಾದ ಕೆಲಸವೇ. ತಮ್ಮ ಹಕ್ಕನ್ನು ಅರಿಯದೆ ಹೋದದ್ದು, ಸರಿಯಾದ ಬಿಲ್ಲನ್ನು ಕೇಳದೆ ಬಂದದ್ದು, ಇವೇ ಅವರ ಕಷ್ಟಕ್ಕೆ ಕಾರಣಗಳು.

ಕಾನೂನು ಏನು ಹೇಳುತ್ತದೆ?

ನಮ್ಮ ಸಂಸತ್ತು 2017ರಲ್ಲಿ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯನ್ನು ಮಾಡಿತು. ಅದು 2018ರಲ್ಲಿ ಜಾರಿಗೆ ಬಂದಿತು. ಅದರ 21ನೆಯ ಪ್ರಕರಣದಂತೆ, ದೇಹದ ಕಾಯಿಲೆಗೆ ಯಾವ ಆಧಾರದ ಮೇಲೆ ವೈದ್ಯಕೀಯ ವಿಮೆ ಕೊಡಲಾಗುತ್ತದೆಯೋ ಅದೇ ಆಧಾರದ ಮೇಲೆ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕಾದುದು ಪ್ರತಿಯೊಂದು ವಿಮಾ ಕಂಪನಿಯ ಕರ್ತವ್ಯ. ವಿಮಾ ನಿಯಂತ್ರಣ ಪ್ರಾಧಿಕಾರವು 2018ರ ಆಗಸ್ಟ್ 16ರಂದು ಈ ನಿಯಮವನ್ನು ಪಾಲಿಸುವಂತೆ ಎಲ್ಲ ಕಂಪನಿಗಳಿಗೂ ಸೂಚಿಸಿತು. ಎಲ್ಲ ಆರೋಗ್ಯ ಪಾಲಿಸಿಗಳೂ 2022ರ ಅಕ್ಟೋಬರ್ 31ರೊಳಗೆ ಇದಕ್ಕೆ ಹೊಂದಿಕೊಳ್ಳಬೇಕೆಂದು ಮತ್ತೊಮ್ಮೆ ಆದೇಶಿಸಿತು. ಮನಸ್ಸಿನ ಕಾಯಿಲೆ ಎಂಬ ಕಾರಣದಿಂದ ಹಣ ನಿರಾಕರಿಸಲ್ಪಟ್ಟ ಒಬ್ಬ ಮಹಿಳೆಯ ಪರವಾಗಿ ದೆಹಲಿ ಉಚ್ಚ ನ್ಯಾಯಾಲಯವು 2021ರಲ್ಲಿ ತೀರ್ಪಿತ್ತು, ಹಣ ಸಲ್ಲಿಸುವಂತೆ ಕಂಪನಿಗೆ ಆಜ್ಞಾಪಿಸಿತು. ಆದುದರಿಂದ ಇದು ದಯೆಯಲ್ಲ, ಹಕ್ಕು.

ಇದೇ ಕಾಯಿದೆಯ ಪ್ರಕಾರ ಬಡತನದ ರೇಖೆಗಿಂತ ಕೆಳಗಿರುವವರಿಗೆ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲಿ ಉಚಿತ ಚಿಕಿತ್ಸೆ ದೊರೆಯಬೇಕು. ಮೂರು ವರ್ಷಕ್ಕಿಂತ ಚಿಕ್ಕ ಮಗುವನ್ನು ಚಿಕಿತ್ಸೆ ಪಡೆಯುತ್ತಿರುವ ತಾಯಿಯಿಂದ ಸಾಮಾನ್ಯವಾಗಿ ಬೇರ್ಪಡಿಸಬಾರದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ತಾಯಿ ಮತ್ತು ಮಗು ಒಟ್ಟಿಗೆ ದಾಖಲಾಗುವ ವಿಭಾಗವೇ ಇದೆ.

ಚಿಕಿತ್ಸೆ ನೀಡಲು ಅರ್ಹರು ಯಾರು?

ಬಿಲ್ಲು ಮಾನ್ಯವಾಗಬೇಕಾದರೆ ಅದನ್ನು ಕೊಡುವವರು ಅರ್ಹರಾಗಿರಬೇಕು. ಮನೋವೈದ್ಯರು ವೈದ್ಯ ಪದವಿಯ ಮೇಲೆ ಮನೋವೈದ್ಯ ಶಾಸ್ತ್ರದಲ್ಲಿ ತರಬೇತಿ ಪಡೆದವರು. ಔಷಧಿ ಬರೆಯುವವರು ಇವರು. ಚಿಕಿತ್ಸಾ ಮನಃಶಾಸ್ತ್ರಜ್ಞರು ಮಾತಿನ ಮೂಲಕ ಚಿಕಿತ್ಸೆ ಮತ್ತು ಮಾನಸಿಕ ಪರೀಕ್ಷೆಗಳನ್ನು ನಡೆಸುವವರು. ಇವರ ಹೆಸರು 1992ರ ಕಾಯಿದೆಯಂತೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿಯಾಗಿರಬೇಕು. ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ಮತ್ತು ದಾದಿಯರು ಕುಟುಂಬಕ್ಕೆ ತಿಳಿವಳಿಕೆ ಮತ್ತು ಆರೈಕೆ ನೀಡುವರು. ಇವರಲ್ಲದೆ ಆಪ್ತಸಮಾಲೋಚಕರಿದ್ದಾರೆ, ಅವರ ವೃತ್ತಿಯನ್ನೂ ಕ್ರಮಬದ್ಧ ನೋಂದಣಿಯೊಳಗೆ ತರಲು 2021ರಲ್ಲಿ ರಾಷ್ಟ್ರೀಯ ಕಾಯಿದೆಯೊಂದು ಆಗಿದೆ.

ಪೇಟೆಯ ಬೀದಿಯಲ್ಲಿ ಹಲಗೆ ತೂಗುಹಾಕಿದ ಮಾತ್ರಕ್ಕೆ ಯಾರೂ ಅರ್ಹರಾಗುವುದಿಲ್ಲ. ‘ತಮ್ಮ ವಿದ್ಯಾರ್ಹತೆ ಯಾವುದು? ನೋಂದಣಿ ಸಂಖ್ಯೆ ಎಷ್ಟು?’ ಎಂದು ವಿನಯದಿಂದ ಕೇಳಿ. ಅರ್ಹರಾದವರು ಇದಕ್ಕೆ ಬೇಸರಿಸುವುದಿಲ್ಲ.

ಯಾವ ಖರ್ಚು ದೊರೆಯುತ್ತದೆ? ಯಾವುದು ದೊರೆಯದು?

ಇಲ್ಲಿ ಅನೇಕರು ಮೋಸಹೋಗುತ್ತಾರೆ. ಸಾಮಾನ್ಯ ಆರೋಗ್ಯ ವಿಮೆಯು ಆಸ್ಪತ್ರೆಯಲ್ಲಿ ಕನಿಷ್ಠ 24 ಗಂಟೆ ಒಳರೋಗಿಯಾಗಿದ್ದಾಗಿನ ವೆಚ್ಚವನ್ನು ಕೊಡುವಂಥದು. ವಾರಕ್ಕೊಮ್ಮೆ ಹೋಗಿ ಒಂದು ಗಂಟೆ ಸಲಹೆ ಪಡೆದು ಬರುವುದು ಹೊರರೋಗಿ ಚಿಕಿತ್ಸೆ. ಪಾಲಿಸಿಯಲ್ಲಿ ಹೊರರೋಗಿ ವೆಚ್ಚವನ್ನು ಪ್ರತ್ಯೇಕವಾಗಿ ಸೇರಿಸಿದ್ದರೆ ಮಾತ್ರ ಸಲಹೆಯ ಶುಲ್ಕ ದೊರೆಯುತ್ತದೆ. ಆದರೆ ಆಸ್ಪತ್ರೆಗೆ ಸೇರುವ ಮುಂಚಿನ ಮತ್ತು ಬಿಡುಗಡೆಯಾದ ನಂತರದ ಕೆಲವು ದಿನಗಳ ವೆಚ್ಚವನ್ನು ಬಹಳ ಪಾಲಿಸಿಗಳು ಕೊಡುತ್ತವೆ. ಎಷ್ಟು ದಿನಗಳೆಂಬುದು ಪಾಲಿಸಿಯಲ್ಲೇ ಬರೆದಿರುತ್ತದೆ.

ಎರಡನೆಯದು, ಕಾಯುವ ಅವಧಿ. ಪಾಲಿಸಿ ಕೊಳ್ಳುವ ಮುಂಚೆಯೇ ಇದ್ದ ಕಾಯಿಲೆಗೆ ಕಂಪನಿಯು ಕೆಲಕಾಲ ಹಣ ಕೊಡದಿರಬಹುದು. ಈ ಅವಧಿಯು 36 ತಿಂಗಳಿಗೆ ಮೀರಬಾರದೆಂದು 2024ರಲ್ಲಿ ನಿಯಮವಾಗಿದೆ. ಆದುದರಿಂದ ಅರ್ಜಿ ತುಂಬುವಾಗ ಹಿಂದಿನ ಕಾಯಿಲೆಯನ್ನು ಮರೆಮಾಚಬೇಡಿ. ಮರೆಮಾಚಿದ್ದು ಮುಂದೆ ಬಯಲಾದರೆ ಕಷ್ಟದ ವೇಳೆಯಲ್ಲಿ ಪಾಲಿಸಿಯೇ ರದ್ದಾಗಬಹುದು.

ಮೂರನೆಯದು, ಕುಡಿತದ ಚಟ. ಮದ್ಯ ಮತ್ತು ಮಾದಕ ವಸ್ತುಗಳ ಚಟದ ಚಿಕಿತ್ಸೆಯನ್ನು ಹೊರಗಿಡಲು ಕಂಪನಿಗಳಿಗೆ ಅವಕಾಶವಿದೆ. ಅನೇಕ ಪಾಲಿಸಿಗಳಲ್ಲಿ ಹೀಗೆಯೇ ಬರೆದಿರುತ್ತದೆ. ಹಾಗೆಂದು ಚಿಕಿತ್ಸೆಯನ್ನು ಕೈಬಿಡಬಾರದು. ಇದಕ್ಕೆ ಸರ್ಕಾರಿ ಆಸ್ಪತ್ರೆಯ ಮನೋವೈದ್ಯರನ್ನು ಕಾಣತಕ್ಕದ್ದು.

ಪಾಲಿಸಿ ಇಲ್ಲದವರಿಗೆ ಯಾವ ನೆರವು?

ನಮ್ಮ ರಾಜ್ಯದಲ್ಲಿ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯು 2018ರಿಂದ ನಡೆಯುತ್ತಿದೆ. ಬಿ.ಪಿ.ಎಲ್. ಪಡಿತರ ಚೀಟಿ ಇರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಒಳರೋಗಿ ಚಿಕಿತ್ಸೆ ದೊರೆಯುತ್ತದೆ. ಉಳಿದ ಕುಟುಂಬಗಳಿಗೆ ನಿಗದಿತ ದರದ ಶೇಕಡ 30ರಷ್ಟನ್ನು, ವರ್ಷಕ್ಕೆ 1.5 ಲಕ್ಷ ರೂಪಾಯಿ ಮೀರದಂತೆ, ಸರ್ಕಾರ ಭರಿಸುತ್ತದೆ. ಇದರಲ್ಲಿ ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಇಲ್ಲ. ತುರ್ತು ಸಂದರ್ಭವನ್ನು ಬಿಟ್ಟರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಖಾಸಗಿ ಆಸ್ಪತ್ರೆಗೆ ಅಲ್ಲಿಂದಲೇ ಶಿಫಾರಸು ಪತ್ರ ಪಡೆಯಬೇಕು. ಮಾನಸಿಕ ಕಾಯಿಲೆಯ ಯಾವ ಚಿಕಿತ್ಸೆ ಯಾವ ಆಸ್ಪತ್ರೆಯಲ್ಲಿ ಸಿಗುವುದೆಂಬುದನ್ನು ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರು ತಿಳಿಸುವರು.

ಪಟ್ಟಣದ ಕಾರ್ಖಾನೆಯಲ್ಲಿ ದುಡಿಯುವವರಿಗೆ ಇ.ಎಸ್.ಐ. ಚೀಟಿ ಇದ್ದರೆ ಅವರಿಗೂ ಅವರ ಅವಲಂಬಿತರಿಗೂ ಒಳರೋಗಿ ಚಿಕಿತ್ಸೆಯಲ್ಲದೆ ಹೊರರೋಗಿ ಚಿಕಿತ್ಸೆಯೂ ದೊರೆಯುತ್ತದೆ.

ಹೊರರೋಗಿ ಸಲಹೆಗಾಗಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಿದೆ. ಮೊದಲು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಪ್ರಯೋಗಿಸಿದ ಮಾದರಿಯ ಮೇಲೆ ಇದು 1996ರಲ್ಲಿ ದೇಶದಲ್ಲಿ ಆರಂಭವಾಯಿತು. ಮನೋವೈದ್ಯರು ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಬರುವ ದಿನವನ್ನು ಆಶಾ ಕಾರ್ಯಕರ್ತೆಯಿಂದ ಕೇಳಿ ತಿಳಿಯಿರಿ. ದೂರವಾಣಿಯ ಮೂಲಕವೂ ಸಲಹೆ ಪಡೆಯಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮನಸ್ ಸೇವೆಯ ಸಂಖ್ಯೆ 14416. ಹಗಲಿರುಳೂ ಕನ್ನಡದಲ್ಲಿ, ಶುಲ್ಕವಿಲ್ಲದೆ ಇದು ದೊರೆಯುತ್ತದೆ. ಬದುಕು ಬೇಡವೆಂಬ ಮಾತು ಮನೆಯವರ ಬಾಯಲ್ಲಿ ಬಂದರೆ ಬಿಲ್ಲಿನ ಯೋಚನೆಯನ್ನು ಬದಿಗಿಟ್ಟು ತಡಮಾಡದೆ ಈ ಸಂಖ್ಯೆಗೆ ಕರೆಮಾಡಿ, ಅವರನ್ನು ಒಂಟಿಯಾಗಿ ಬಿಡದೆ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ.

ಬಿಲ್ಲನ್ನು ಪಡೆಯುವ ಕ್ರಮ

ಹಣ ದೊರೆಯುವ ದಾರಿ ಎರಡು. ಕಂಪನಿಯೊಡನೆ ಒಪ್ಪಂದವಿರುವ ಆಸ್ಪತ್ರೆಯಲ್ಲಿ ರೋಗಿ ಹಣ ಕಟ್ಟುವಂತಿಲ್ಲ. ಕಂಪನಿಯೇ ನೇರವಾಗಿ ಆಸ್ಪತ್ರೆಗೆ ಕೊಡುತ್ತದೆ. ಇಂಥ ಕೋರಿಕೆ ಬಂದ ಒಂದು ಗಂಟೆಯೊಳಗೆ ಕಂಪನಿಯು ತೀರ್ಮಾನ ತಿಳಿಸಬೇಕೆಂದು 2024ರ ನಿಯಮ ಹೇಳುತ್ತದೆ. ಬೇರೆ ಆಸ್ಪತ್ರೆಯಲ್ಲಾದರೆ ನಾವೇ ಕಟ್ಟಿ ನಂತರ ಕ್ಲೇಮು ಸಲ್ಲಿಸಬೇಕು. ಆಗ ಈ ಕಾಗದಗಳು ಬೇಕಾಗುತ್ತವೆ:

1. ಕಾಯಿಲೆಯ ಹೆಸರು, ಸೇರಿದ ಮತ್ತು ಬಿಡುಗಡೆಯಾದ ದಿನಾಂಕಗಳು, ಕೊಟ್ಟ ಚಿಕಿತ್ಸೆ ಇವುಗಳನ್ನು ಬರೆದ ಬಿಡುಗಡೆ ಪತ್ರ.

2. ಕೋಣೆ, ವೈದ್ಯರ ಶುಲ್ಕ, ಸಲಹೆ, ಔಷಧಿ, ಪರೀಕ್ಷೆ ಇವುಗಳನ್ನು ಬೇರೆ ಬೇರೆಯಾಗಿ ತೋರಿಸಿದ ಬಿಲ್ಲು. ಒಂದೇ ಸಾಲಿನ ಚೀಟಿ ಸಾಲದು.

3. ಹಣ ಕಟ್ಟಿದ್ದಕ್ಕೆ ಸಂಖ್ಯೆ, ದಿನಾಂಕ, ಮೊಹರು ಇರುವ ರಸೀದಿ.

4. ವೈದ್ಯರ ಔಷಧಿ ಚೀಟಿಗಳು, ಅವುಗಳಿಗೆ ಸರಿಹೊಂದುವ ಔಷಧಿ ಅಂಗಡಿಯ ಬಿಲ್ಲುಗಳು, ಪರೀಕ್ಷೆಯ ವರದಿಗಳು.

5. ಆಧಾರ್, ಪಾಲಿಸಿ ಮತ್ತು ಬ್ಯಾಂಕ್ ಪುಸ್ತಕದ ಪ್ರತಿಗಳು. ರೋಗಿಯ ಹೆಸರು ಎಲ್ಲ ಕಾಗದಗಳಲ್ಲೂ ಒಂದೇ ರೀತಿ ಇರಬೇಕು.

ಆಸ್ಪತ್ರೆಗೆ ಸೇರಿದ ವಿಷಯವನ್ನು ಪಾಲಿಸಿಯಲ್ಲಿ ಹೇಳಿದ ಅವಧಿಯೊಳಗೆ ಕಂಪನಿಗೆ ತಿಳಿಸಬೇಕು. ಮೂಲ ಕಾಗದಗಳನ್ನು ಕಳುಹಿಸುವ ಮುನ್ನ ನೆರಳಚ್ಚು ಪ್ರತಿ ತೆಗೆದಿಟ್ಟುಕೊಳ್ಳಿ. ಪಹಣಿ ಪತ್ರವನ್ನು ಹೇಗೆ ಜೋಪಾನ ಮಾಡುತ್ತೀರೋ ಹಾಗೆಯೇ ಇವನ್ನೂ ಒಂದು ಚೀಲದಲ್ಲಿ ಜೋಪಾನ ಮಾಡಿ. ಅದು ಎಲ್ಲಿದೆಯೆಂಬುದು ಗಂಡನಿಗಷ್ಟೇ ಅಲ್ಲ, ಹೆಂಡತಿಗೂ ತಿಳಿದಿರಲಿ.

ಕಂಪನಿ ನಿರಾಕರಿಸಿದರೆ?

ಬಾಯಿಮಾತಿನ ನಿರಾಕರಣೆಯನ್ನು ಒಪ್ಪಬೇಡಿ. ಕಾರಣವನ್ನು ಬರೆಹದಲ್ಲಿ ಕೇಳಿ. ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ. ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ, ಅಥವಾ ಉತ್ತರ ಸಮಾಧಾನ ತಾರದಿದ್ದರೆ, ಬೆಂಗಳೂರಿನಲ್ಲಿರುವ ವಿಮಾ ಲೋಕಪಾಲರಿಗೆ ಒಂದು ವರ್ಷದೊಳಗೆ ದೂರು ಸಲ್ಲಿಸಬಹುದು. ಇದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರದ ದೂರವಾಣಿ ಸಂಖ್ಯೆ 155255.

ಮನೆಯ ಮಾತು ಹೊರಗೆ ಹೋಗದೆ?

ಈ ಸಂದೇಹ ಸಹಜ. 2017ರ ಕಾಯಿದೆಯ 23ನೆಯ ಪ್ರಕರಣವು ರೋಗಿಯ ವಿಷಯವನ್ನು ಗುಪ್ತವಾಗಿಡಬೇಕೆಂದು ಚಿಕಿತ್ಸೆ ನೀಡುವವರಿಗೆ ವಿಧಿಸಿದೆ. ಕ್ಲೇಮಿಗಾಗಿ ಕಾಯಿಲೆಯ ಹೆಸರು ಮತ್ತು ಚಿಕಿತ್ಸೆಯ ವಿವರ ಕಂಪನಿಗೆ ಹೋಗುವುದು ನಿಜ. ಆದರೆ ಅತ್ತೆ ಸೊಸೆಯರ ಜಗಳ, ದಂಪತಿಗಳ ಗುಟ್ಟು ಮುಂತಾಗಿ ಸಲಹೆಗಾರರೆದುರು ಹೇಳಿಕೊಂಡ ಮಾತುಗಳನ್ನು ಬಿಲ್ಲಿನಲ್ಲಿ ಬರೆಯುವ ಅಗತ್ಯವಿಲ್ಲ.

ನೆನಪಿಡಬೇಕಾದ ಅಂಶಗಳು

ಮನಸ್ಸಿನ ಕಾಯಿಲೆಗೂ ವಿಮೆ ಉಂಟು. ಒಳರೋಗಿಗೆ ದೊರೆಯುವುದೆಲ್ಲ ಹೊರರೋಗಿಗೆ ದೊರೆಯದು. ನೋಂದಣಿ ಕೇಳಿ ಚಿಕಿತ್ಸೆ ಪಡೆಯಿರಿ; ವಿವರ ಕೇಳಿ ಬಿಲ್ಲು ಪಡೆಯಿರಿ. ಹಣವಿಲ್ಲವೆಂದು ಚಿಕಿತ್ಸೆ ನಿಲ್ಲಿಸಬೇಡಿ; ಸರ್ಕಾರಿ ಆಸ್ಪತ್ರೆಯ ಬಾಗಿಲು ತೆರೆದಿದೆ.

ದಂಪತಿಗಳು ಚರ್ಚಿಸಬೇಕಾದ ಪ್ರಶ್ನೆಗಳು

1. ನಮ್ಮ ಮನೆಯಲ್ಲಿ ಯಾವ ಆರೋಗ್ಯ ಚೀಟಿ ಅಥವಾ ಪಾಲಿಸಿ ಇದೆ? ಅದರಲ್ಲಿ ಎಲ್ಲರ ಹೆಸರೂ ಸೇರಿದೆಯೆ?

2. ನಮ್ಮ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ ಯಾವುದು?

3. ಮೇಲಿನ ಉದಾಹರಣೆಯ ರೈತನು ಏನು ಮಾಡಿದ್ದರೆ ಹಸುವನ್ನು ಉಳಿಸಿಕೊಳ್ಳಬಹುದಿತ್ತು?

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆ ಪ್ರಯೋಜನವಿಲ್ಲ. ಎಲ್ಲರೂ ನೆಮ್ಮದಿಯಿಂದಿರುವ ಈ ದಿನವೇ ಚೀಟಿಯನ್ನು ಹೊರತೆಗೆದು ಒಮ್ಮೆ ಓದಿಕೊಳ್ಳಿ.