ಚಿನ್ನದ ಸೀಮೆಯ ಹಳೆಯ ಟರ್ಬೈನುಗಳು: ಕ್ಯಾಲಿಫೋರ್ನಿಯಾಕ್ಕೆ ಹೋಗುವವರಿಗೆ ಮಾರ್ಗದರ್ಶಿ

ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಪರ್ವತಗಳ ಪಶ್ಚಿಮ ತಪ್ಪಲಿನಲ್ಲಿ ಹತ್ತೊಂಬತ್ತನೆಯ ಶತಮಾನದ ಹಲವು ನೀರಿನ ಟರ್ಬೈನುಗಳು ತಾವು ದುಡಿದ ಜಾಗದಲ್ಲೇ ಉಳಿದಿವೆ. ಫಾಲ್ಸಮ್, ಸಟರ್ ಕ್ರೀಕ್ ಮತ್ತು ಗ್ರಾಸ್ ವ್ಯಾಲಿ ಎಂಬ ಮೂರು ಊರುಗಳನ್ನು ಸುತ್ತಿದರೆ ನೀರಿನ ಬಲವನ್ನು ಯಂತ್ರಕ್ಕೆ ಕಟ್ಟಿದ ಮೂರು ಬಗೆಗಳನ್ನು ಕಾಣಬಹುದು. ಹಳೆಯ ಟರ್ಬೈನು ಬೇರೆ ಕಡೆಗಳಲ್ಲೂ ನೋಡಸಿಗುತ್ತದೆ. ಅನೇಕ ಊರುಗಳಲ್ಲಿ ಅದನ್ನು ಹೊಂಡದಿಂದ ಎತ್ತಿ, ಬಣ್ಣ ಬಳಿದು, ಹುಲ್ಲುಹಾಸಿನ ಮೇಲೆ ಕೂರಿಸಿರುತ್ತಾರೆ. ಅಂಥ ಚಕ್ರ ಕಣ್ಣಿಗೆ ಚೆಂದ ಕಂಡರೂ ಅದು ಹೇಗೆ ತಿರುಗುತ್ತಿತ್ತೆಂದು ತಿಳಿಯುವುದಿಲ್ಲ. ನೀರು ಎಲ್ಲಿಂದ ಬಂತು, ಎಷ್ಟು ಎತ್ತರದಿಂದ ಇಳಿಯಿತು, ದುಡಿದ ಮೇಲೆ ಎಲ್ಲಿಗೆ ಹೋಯಿತು ಎಂಬುದು ಕಂಡಾಗಲೇ ಟರ್ಬೈನು ಅರ್ಥವಾಗುತ್ತದೆ. ಈ ಸೀಮೆಗೆ ಹೋಗಬೇಕಾದದ್ದು ಆ ಕಾರಣಕ್ಕೆ.

ಇಲ್ಲಿ ನೀರಿಗೆ ಇಷ್ಟು ಮಹತ್ವ ಬಂದದ್ದು ಚಿನ್ನದಿಂದ. 1848ರ ಜನವರಿಯಲ್ಲಿ ಕಲೋಮಾ ಎಂಬಲ್ಲಿ, ನೀರಿನಿಂದ ನಡೆಯಬೇಕಿದ್ದ ಒಂದು ಮರ ಕೊಯ್ಯುವ ಗಿರಣಿಯ ಕಾಲುವೆಯಲ್ಲಿ ಚಿನ್ನದ ಹರಳು ಸಿಕ್ಕಿತು. ಮೊದಲು ಬಾಣಲೆಯಲ್ಲಿ ಮರಳು ತೊಳೆದ ಜನ, ಆಮೇಲೆ ಬೆಟ್ಟದ ಮೇಲಿನಿಂದ ಕಾಲುವೆ ತೋಡಿ, ಕಬ್ಬಿಣದ ಕೊಳವೆಗಳಲ್ಲಿ ನೀರಿಳಿಸಿ, ಫಿರಂಗಿಯಂಥ ನಳಿಕೆಗಳಿಂದ ಗುಡ್ಡಗಳನ್ನೇ ಕರಗಿಸತೊಡಗಿದರು. ಕೊಚ್ಚಿಹೋದ ಮಣ್ಣು ಕಣಿವೆಯ ಹೊಲಗಳನ್ನು ಮುಚ್ಚಿತು. ರೈತರು ನ್ಯಾಯಾಲಯಕ್ಕೆ ಹೋದರು. 1884ರಲ್ಲಿ ನ್ಯಾಯಾಧೀಶ ಲೊರೆಂಜೊ ಸಾಯರ್ ಕೊಟ್ಟ ತೀರ್ಪು, ಗಣಿಯ ಹೂಳನ್ನು ನದಿಗೆ ಬಿಡುವುದನ್ನು ತಡೆಯಿತು. ಎತ್ತರದ ನೀರನ್ನು ಕೊಳವೆಯಲ್ಲಿ ಹಿಡಿದು ತೆಳುವಾದ ಬಿರುಸಿನ ಧಾರೆಯಾಗಿ ಬಿಡುವ ವಿದ್ಯೆ ಮಾತ್ರ ಗಣಿಗಾರರ ಕೈಯಲ್ಲಿ ಉಳಿಯಿತು. ಈ ಸೀಮೆಯ ಚಕ್ರಗಳ ಹಿಂದೆ ಇರುವುದು ಆ ವಿದ್ಯೆಯೇ.

ಯಾವಾಗ, ಹೇಗೆ ಹೋಗಬೇಕು

ಗ್ರಾಸ್ ವ್ಯಾಲಿಯ ವಸ್ತುಸಂಗ್ರಹಾಲಯ ಬೇಸಿಗೆಯ ತಿಂಗಳುಗಳಲ್ಲಿ ಮಾತ್ರ ತೆರೆದಿರುವುದರಿಂದ ಪ್ರವಾಸವನ್ನು ಮೇ ಮತ್ತು ಅಕ್ಟೋಬರ್ ನಡುವೆ ಇಟ್ಟುಕೊಳ್ಳಬೇಕು. ಅದರಲ್ಲೂ ಮೇ ಕೊನೆ ಮತ್ತು ಜೂನ್ ಅತ್ಯುತ್ತಮ. ಮೇಲಿನ ಹಿಮ ಕರಗಿ ಹೊಳೆಗಳು ತುಂಬಿರುತ್ತವೆ, ಬಿಸಿಲೂ ತಡೆಯುವಷ್ಟಿರುತ್ತದೆ. ಜುಲೈ, ಆಗಸ್ಟ್‌ನಲ್ಲಿ ಫಾಲ್ಸಮ್‌ನಲ್ಲಿ 38 ಡಿಗ್ರಿ ದಾಟುವುದು ಸಾಮಾನ್ಯ. ಬೇಸಿಗೆಯ ಕೊನೆಯಲ್ಲಿ ಕಾಳ್ಗಿಚ್ಚಿನ ಹೊಗೆ ಕಣಿವೆಗಳಲ್ಲಿ ತುಂಬಿಕೊಳ್ಳಬಹುದು.

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದಿಂದ ಫಾಲ್ಸಮ್‌ಗೆ ಕಾರಿನಲ್ಲಿ ಎರಡರಿಂದ ಎರಡೂವರೆ ಗಂಟೆಯ ದಾರಿ. ಕಾರಿಲ್ಲದವರು ರೈಲಿನಲ್ಲಿ ಸ್ಯಾಕ್ರಮೆಂಟೊ ತಲುಪಿ, ಅಲ್ಲಿಂದ ನಗರದ ಲಘು ರೈಲಿನಲ್ಲಿ ಹಳೆಯ ಫಾಲ್ಸಮ್‌ವರೆಗೆ ಹೋಗಬಹುದು. ಅದರಾಚೆಗೆ ಕಾರಿಲ್ಲದೆ ತಿರುಗುವುದು ಕಷ್ಟ. ಫಾಲ್ಸಮ್‌ನಲ್ಲಿ ಇಂಟೆಲ್ ಕಚೇರಿ ಇರುವುದರಿಂದ ಭಾರತೀಯರು ಸಾಕಷ್ಟಿದ್ದಾರೆ, ಸಸ್ಯಾಹಾರಿಗಳಿಗೆ ಊಟ ಸುಲಭವಾಗಿ ಸಿಗುತ್ತದೆ. ಮುಂದಿನ ಸಣ್ಣ ಊರುಗಳಲ್ಲಿ ಆಯ್ಕೆ ಕಡಿಮೆ, ಬುತ್ತಿ ಕಟ್ಟಿಕೊಂಡು ಹೋಗುವುದೇ ಲೇಸು. ಮೂರು ಊರುಗಳಿಗೆ ಎರಡು ದಿನ ಸಾಕು. ಮೊದಲ ದಿನ ಫಾಲ್ಸಮ್ ಮತ್ತು ಸಟರ್ ಕ್ರೀಕ್ ನೋಡಿ, ಎರಡನೆಯ ದಿನವನ್ನು ಗ್ರಾಸ್ ವ್ಯಾಲಿಗೆ ಇಡಬೇಕು.

ಫಾಲ್ಸಮ್: ಮಿಂಚು ಊರಿಗೆ ಬಂದ ದಾರಿ

ಅಮೆರಿಕನ್ ನದಿಯ ದಂಡೆಯಲ್ಲಿರುವ ಫಾಲ್ಸಮ್ ವಿದ್ಯುದಾಗಾರ ಈಗ ರಾಜ್ಯದ ಐತಿಹಾಸಿಕ ಉದ್ಯಾನ. 1895ರ ಜುಲೈ 13ರ ಬೆಳಗಿನ ಜಾವ ಇಲ್ಲಿಂದ ಹೊರಟ ವಿದ್ಯುತ್ತು 22 ಮೈಲಿ, ಅಂದರೆ ಸುಮಾರು 35 ಕಿಲೋಮೀಟರ್ ದೂರದ ಸ್ಯಾಕ್ರಮೆಂಟೊ ನಗರಕ್ಕೆ 11,000 ವೋಲ್ಟ್ ತಂತಿಗಳಲ್ಲಿ ಹರಿಯಿತು. ಆ ಸೆಪ್ಟೆಂಬರಿನಲ್ಲಿ ನಗರವಿಡೀ ದೀಪ ಬೆಳಗಿಸಿ ಹಬ್ಬ ಮಾಡಿತು. ಇದಕ್ಕೆ ಬೇಕಾದ ಅಣೆಕಟ್ಟು ಮತ್ತು ನಾಲೆಯ ಕೆಲಸದಲ್ಲಿ ಪಕ್ಕದ ಸೆರೆಮನೆಯ ಕೈದಿಗಳು ದುಡಿದಿದ್ದರು. ಕಲ್ಲಿನ ನಾಲೆಯ ಗೋಡೆಗಳ ಪಕ್ಕದಲ್ಲಿ ನಡೆಯುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ನೋಡುವ ಕ್ರಮ ಮೇಲಿನಿಂದ ಕೆಳಕ್ಕೆ ಇರಲಿ. ಮೊದಲು ನಾಲೆ, ಆಮೇಲೆ ನೀರು ತಂಗುತ್ತಿದ್ದ ಕೆರೆ, ಅದರ ಬುಡದಿಂದ ಇಳಿಯುವ ನಾಲ್ಕು ದಪ್ಪ ಕೊಳವೆಗಳು, ಕೊನೆಗೆ ಯಂತ್ರಗಳು. ನೀರಿನ ಇಳಿತ ಇಲ್ಲಿ 55 ಅಡಿ ಮಾತ್ರ. ಇಳಿತ ಕಡಿಮೆಯಾದರೆ ಬಲಕ್ಕಾಗಿ ನೀರಿನ ಪ್ರಮಾಣ ಹೆಚ್ಚಬೇಕು. ಅದಕ್ಕೇ ಕೊಳವೆಗಳು ಅಷ್ಟು ದಪ್ಪ. ಅದಕ್ಕೇ ಇಲ್ಲಿ ಮೆಕಾರ್ಮಿಕ್ ಮಾದರಿಯ ಟರ್ಬೈನುಗಳಿವೆ. ಅವುಗಳಲ್ಲಿ ಚಕ್ರ ಪೂರ್ತಿ ನೀರಿನೊಳಗೇ ಮುಳುಗಿದ್ದು, ನೀರು ಸುತ್ತಲಿನಿಂದ ಒಳಕ್ಕೆ ನುಗ್ಗಿ ಅಲಗುಗಳನ್ನು ಒತ್ತುತ್ತಾ ಹೊರಬೀಳುತ್ತದೆ. ಇಂಥ ನಾಲ್ಕು ಜೋಡಿ ಚಕ್ರಗಳು, ಒಂದೊಂದು ಜೋಡಿಗೆ ಜನರಲ್ ಎಲೆಕ್ಟ್ರಿಕ್ ಕಂಪನಿಯ 750 ಕಿಲೋವಾಟ್‌ನ ಒಂದು ಜನರೇಟರ್. 1952ರಲ್ಲಿ, ಮೇಲೆ ಹೊಸ ಫಾಲ್ಸಮ್ ಅಣೆಕಟ್ಟು ಏಳುತ್ತಿದ್ದಾಗ, ಈ ಆಗಾರ ಕೆಲಸ ನಿಲ್ಲಿಸಿತು. ಯಂತ್ರಗಳನ್ನು ಗುಜರಿಗೆ ಹಾಕದೆ ಕಟ್ಟಡದ ಸಮೇತ ರಾಜ್ಯಕ್ಕೆ ಒಪ್ಪಿಸಿದ್ದರಿಂದ ಜನರೇಟರುಗಳು, ಸ್ವಿಚ್‌ಬೋರ್ಡು ಎಲ್ಲವೂ ಇದ್ದಲ್ಲೇ ಇವೆ. ಮೂರು ತಾಣಗಳಲ್ಲಿ ಅತ್ಯಂತ ಸಮಗ್ರವಾಗಿ ಉಳಿದದ್ದು ಇದೇ.

ಕನ್ನಡಿಗರಿಗೆ ಇಲ್ಲಿ ಶಿವನಸಮುದ್ರ ನೆನಪಾಗದೆ ಇರದು. ಫಾಲ್ಸಮ್ ಬೆಳಗಿದ ಏಳು ವರ್ಷಕ್ಕೆ, 1902ರ ಜೂನ್ 30ರಂದು, ಕಾವೇರಿಯ ವಿದ್ಯುತ್ತು ಅಲ್ಲಿಂದ 92 ಮೈಲಿ ದೂರದ ಕೋಲಾರ ಚಿನ್ನದ ಗಣಿಗೆ ತಲುಪಿತು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಎಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯೇರ್ ರೂಪಿಸಿದ ಆ ಯೋಜನೆಗೂ ಜನರೇಟರುಗಳು ಬಂದದ್ದು ಜನರಲ್ ಎಲೆಕ್ಟ್ರಿಕ್‌ನಿಂದ, ಟರ್ಬೈನುಗಳು ಸ್ವಿಟ್ಜರ್ಲೆಂಡಿನ ಎಷರ್ ವಿಸ್‌ನಿಂದ. ದೂರದ ಲೆಕ್ಕದಲ್ಲಿ ಫಾಲ್ಸಮ್‌ನ ನಾಲ್ಕು ಪಟ್ಟಿಗೂ ಹೆಚ್ಚು. ಶಿವನಸಮುದ್ರದ ವಿದ್ಯುದಾಗಾರ ಇನ್ನೂ ದುಡಿಯುತ್ತಿರುವುದರಿಂದ ಒಳಗೆ ಹೋಗಲು ಮುಂಚಿತವಾಗಿ ಅನುಮತಿ ಬೇಕು. ಅದೇ ತಲೆಮಾರಿನ ಯಂತ್ರಗಳನ್ನು ಬಿಡುವಾಗಿ ನೋಡಲು ಫಾಲ್ಸಮ್‌ನಲ್ಲಿ ಅಂಥ ಅಡ್ಡಿಯಿಲ್ಲ.

ಸಟರ್ ಕ್ರೀಕ್: ಚಕ್ರಗಳನ್ನು ಎರೆದ ಕುಲುಮೆ

ಫಾಲ್ಸಮ್‌ನಿಂದ ದಕ್ಷಿಣಕ್ಕೆ ಒಂದು ಗಂಟೆ ಸಾಗಿದರೆ ಸಟರ್ ಕ್ರೀಕ್. ಇಲ್ಲಿಯ ನೈಟ್ ಫೌಂಡ್ರಿಯನ್ನು 1873ರಲ್ಲಿ ಆರಂಭಿಸಿದ ಸ್ಯಾಮ್ಯುಯೆಲ್ ನೈಟ್ ಮೂಲತಃ ಹಡಗಿನ ಬಡಗಿ. ಗಣಿಗಳಿಗೆ ಬೇಕಾದ ಯಂತ್ರಗಳನ್ನು ಎರೆಯುತ್ತಲೇ ಅವನು ತನ್ನದೇ ಮಾದರಿಯ ನೀರಿನ ಚಕ್ರವನ್ನು ರೂಪಿಸಿದ. ಈ ಕಾರ್ಖಾನೆ ತಾನೇ ಎರೆದ ಚಕ್ರಗಳ ಬಲದಿಂದ ನಡೆಯುತ್ತಿತ್ತು. 42 ಅಂಗುಲದ ಒಂದು ಚಕ್ರ ಮಾಡಿನ ಕೆಳಗಿನ ಉದ್ದನೆಯ ಶಾಫ್ಟನ್ನು ತಿರುಗಿಸಿದರೆ, ಅದರಿಂದ ಇಳಿದ ಚರ್ಮದ ಬೆಲ್ಟುಗಳು ಲೇತ್, ರಂಧ್ರ ಕೊರೆಯುವ ಯಂತ್ರ ಮುಂತಾದವನ್ನು ಓಡಿಸುತ್ತಿದ್ದವು. 1996ರವರೆಗೂ ಇಲ್ಲಿ ಎರಕದ ಕೆಲಸ ನಡೆಯಿತು. ಈಗ ಸ್ಥಳೀಯ ಸ್ವಯಂಸೇವಕರು ಅದನ್ನು ನೋಡಿಕೊಳ್ಳುತ್ತಿದ್ದಾರೆ.

ಇದು ದಿನವೂ ತೆರೆದಿರುವ ಜಾಗವಲ್ಲ. ತಿಂಗಳಲ್ಲಿ ನಿಗದಿಯಾದ ದಿನಗಳಲ್ಲಿ ಮಾತ್ರ ಒಳಗೆ ಬಿಡುತ್ತಾರೆ. ಆದ್ದರಿಂದ ಇಡೀ ಪ್ರವಾಸದ ದಿನಾಂಕವನ್ನು ಈ ಫೌಂಡ್ರಿಯ ದಿನ ನೋಡಿಕೊಂಡೇ ಗೊತ್ತುಮಾಡಬೇಕು. ಒಳಗೆ ಹೋದವರು ಮರದ ಅಚ್ಚುಗಳನ್ನು ತಪ್ಪದೆ ನೋಡಬೇಕು. ಯಾವುದೇ ಬಿಡಿಭಾಗ ಎರೆಯುವ ಮುನ್ನ ಅದರ ರೂಪವನ್ನು ಮರದಲ್ಲಿ ಕೆತ್ತಿ, ಮರಳಲ್ಲಿ ಒತ್ತಿ, ಆ ಗುಳಿಗೆ ಕರಗಿದ ಕಬ್ಬಿಣ ಹೊಯ್ಯುತ್ತಿದ್ದರು. ಹಳೆಯ ಟರ್ಬೈನಿನ ಒಂದು ಭಾಗ ಒಡೆದಾಗ ಅಂಗಡಿಯಲ್ಲಿ ಅದಕ್ಕೆ ಬದಲಿ ಸಿಗುವುದಿಲ್ಲ. ಅಚ್ಚು ಉಳಿದಿದ್ದರೆ ಮಾತ್ರ ಮೂಲದಂತೆಯೇ ಇನ್ನೊಂದನ್ನು ಎರೆಯಬಹುದು.

ಉಳಿಸುವ ಕೆಲಸವನ್ನು ನೋಡುವ ಬಗೆ

ಹಳೆಯ ಟರ್ಬೈನು ಕೈಸೇರುವಾಗ ಸಾಮಾನ್ಯವಾಗಿ ಹೂಳಿನಲ್ಲಿ ಹೂತಿರುತ್ತದೆ. ಗಾಳಿ ತಾಗದ ಒದ್ದೆ ಹೂಳಿನಲ್ಲಿ ಕಬ್ಬಿಣ ಎಷ್ಟೋ ದಶಕ ಬಾಳುತ್ತದೆ, ಹೊರತೆಗೆದ ಮೇಲೆ ತುಕ್ಕು ಬೇಗ ಹಿಡಿಯುತ್ತದೆ. ಅನೇಕ ಹಳೆಯ ಟರ್ಬೈನುಗಳ ಬುಡದ ಬೇರಿಂಗು ಲಿಗ್ನಂ ವೀಟೆ ಎಂಬ ಗಟ್ಟಿಮರದ್ದು. ನೀರಿನಲ್ಲಿದ್ದಷ್ಟು ಕಾಲ ನೀರೇ ಅದಕ್ಕೆ ಎಣ್ಣೆಯ ಬದಲು, ದಿಢೀರನೆ ಒಣಗಿಸಿದರೆ ಮರ ಸೀಳು ಬಿಡುತ್ತದೆ. ಹೀಗಾಗಿ ತಿಳಿದವರು ಎತ್ತುವ ಮೊದಲೇ ಪ್ರತಿ ಭಾಗವನ್ನೂ ಇದ್ದಲ್ಲೇ ಅಳೆದು, ಚಿತ್ರ ತೆಗೆದು, ಗುರುತು ಹಾಕುತ್ತಾರೆ. ಬಿಗಿದುಕೊಂಡ ಬೋಲ್ಟುಗಳನ್ನು ಸುತ್ತಿಗೆಯಿಂದ ಹೊಡೆಯದೆ, ಎಣ್ಣೆ ಇಳಿಸುತ್ತಾ ವಾರಗಟ್ಟಲೆ ಕಾಯುತ್ತಾರೆ.

ತುಕ್ಕು ತೆಗೆಯಲು ಮರಳನ್ನು ರಭಸವಾಗಿ ಹಾಯಿಸುವುದು ಸುಲಭದ ದಾರಿ, ಆದರೆ ಕೆಟ್ಟ ದಾರಿ. ಎರಕದ ಮೇಲಿನ ಅಕ್ಷರ, ಸಂಖ್ಯೆ, ಹಳೆಯ ಬಣ್ಣದ ಪದರ ಎಲ್ಲವೂ ಅದರೊಂದಿಗೆ ಹೋಗುತ್ತವೆ. ಯಂತ್ರವನ್ನು ಯಾರು, ಯಾವಾಗ ಮಾಡಿದರೆಂದು ಹೇಳುವ ಪುರಾವೆ ಆ ಗುರುತುಗಳೇ. ಯಾವುದೇ ಚಕ್ರದ ಮುಂದೆ ನಿಂತಾಗ ಅದರ ಮೈಮೇಲಿನ ಅಕ್ಷರ ಓದಲು ಸಿಗುತ್ತದೆಯೇ, ಹೊಸದಾಗಿ ಸೇರಿಸಿದ ಭಾಗವನ್ನು ಹಳೆಯದರಿಂದ ಗುರುತಿಸಲಾಗುತ್ತದೆಯೇ ಎಂದು ನೋಡಬೇಕು. ಎರಡಕ್ಕೂ ಹೌದೆಂಬ ಉತ್ತರ ಸಿಕ್ಕರೆ ಅಲ್ಲಿ ಕೆಲಸ ಪ್ರಾಮಾಣಿಕವಾಗಿ ನಡೆದಿದೆ.

ಚಕ್ರವನ್ನು ಓಡಿಸಬೇಕೇ, ನಿಲ್ಲಿಸಿಡಬೇಕೇ ಎಂಬುದು ಬಗೆಹರಿಯದ ವಾದ. ಓಡಿದ ಯಂತ್ರ ಸವೆಯುತ್ತದೆ. ನಿಂತ ಯಂತ್ರ ಸವೆಯದಿದ್ದರೂ ಅದನ್ನು ಓಡಿಸುವ ಕೈಗಳ ತಿಳಿವಳಿಕೆ ಒಂದೇ ತಲೆಮಾರಿನಲ್ಲಿ ಇಲ್ಲವಾಗುತ್ತದೆ. ನೈಟ್ ಫೌಂಡ್ರಿಯಂಥ ಕಡೆ ಬೆಲ್ಟು ತಿರುಗುವುದನ್ನು ಕಂಡವರಿಗೆ, ಬದಲಿ ಎರೆಯಲು ಅಚ್ಚು ಇರುವಲ್ಲಿ ಹದವಾಗಿ ಓಡಿಸುವುದೇ ಸರಿ ಎನ್ನಿಸುತ್ತದೆ.

ಗ್ರಾಸ್ ವ್ಯಾಲಿ: ಮೂವತ್ತು ಅಡಿಯ ಪೆಲ್ಟನ್

ಸಟರ್ ಕ್ರೀಕ್‌ನಿಂದ ಹೆದ್ದಾರಿ 49ರಲ್ಲಿ ಉತ್ತರಕ್ಕೆ ಹೋದರೆ ಪ್ಲೇಸರ್‌ವಿಲ್, ಕಲೋಮಾ, ಆಬರ್ನ್ ದಾಟಿ ಗ್ರಾಸ್ ವ್ಯಾಲಿ ಸಿಗುತ್ತದೆ. ರಸ್ತೆ ತಿರುವುಗಳಿಂದ ತುಂಬಿದ್ದು, ಮೂರು ಗಂಟೆ ಇಟ್ಟುಕೊಳ್ಳುವುದು ಕ್ಷೇಮ. ಊರಿನ ದಕ್ಷಿಣ ತುದಿಯಲ್ಲಿ, ವುಲ್ಫ್ ಕ್ರೀಕ್ ಹೊಳೆಯ ಪಕ್ಕ, ಈಗ ವಸ್ತುಸಂಗ್ರಹಾಲಯವಾಗಿರುವ ನಾರ್ತ್ ಸ್ಟಾರ್ ಗಣಿಯ ಕಲ್ಲಿನ ಶಕ್ತಿಮನೆ ಇದೆ. ಅದರೊಳಗೆ 30 ಅಡಿ ವ್ಯಾಸದ ಪೆಲ್ಟನ್ ಚಕ್ರ ನಿಂತಿದೆ.

ಈ ಚಕ್ರದ ಮೂಲ ಇದೇ ಬೆಟ್ಟಗಳಲ್ಲಿದೆ. ಓಹಾಯೊದಿಂದ ಚಿನ್ನ ಹುಡುಕಿ ಬಂದು, ಕೊನೆಗೆ ಗಿರಣಿ ಕಟ್ಟುವ ಬಡಗಿಯಾದ ಲೆಸ್ಟರ್ ಪೆಲ್ಟನ್ ಕ್ಯಾಂಪ್ಟನ್‌ವಿಲ್ ಎಂಬ ಹಳ್ಳಿಯಲ್ಲಿ ಪ್ರಯೋಗ ನಡೆಸಿ 1880ರಲ್ಲಿ ಪೇಟೆಂಟ್ ಪಡೆದ. ಅವನ ಚಕ್ರದ ಅಂಚಿನ ಸುತ್ತ ಬಟ್ಟಲುಗಳಿದ್ದು, ಪ್ರತಿ ಬಟ್ಟಲಿನ ನಡುವೆ ಒಂದು ಏಣು ಇದೆ. ಧಾರೆ ಆ ಏಣಿಗೆ ಬಡಿದು ಎರಡಾಗಿ ಸೀಳಿ, ಎರಡು ಕಡೆಯ ಕುಳಿಗಳಲ್ಲಿ ಸುತ್ತಿ, ಬಂದ ದಿಕ್ಕಿಗೇ ಹೆಚ್ಚುಕಡಿಮೆ ತಿರುಗಿ ಹೊರಬೀಳುತ್ತದೆ. ತನ್ನ ಬಲವನ್ನೆಲ್ಲ ಚಕ್ರಕ್ಕೆ ಕೊಟ್ಟ ನೀರು ಮುಂದಿನ ಬಟ್ಟಲಿಗೆ ಅಡ್ಡವಾಗದೆ ಪಕ್ಕಕ್ಕೆ ಜಾರುತ್ತದೆ. 1883ರಲ್ಲಿ ಗ್ರಾಸ್ ವ್ಯಾಲಿಯ ಐಡಹೊ ಗಣಿಯಲ್ಲಿ ಚಕ್ರಗಳ ಸ್ಪರ್ಧೆ ನಡೆದಾಗ ಪೆಲ್ಟನ್ ಚಕ್ರ ಶೇ. 90.2ರಷ್ಟು ದಕ್ಷತೆ ತೋರಿತು, ಎರಡನೆಯದು ಶೇ. 76.5ಕ್ಕೆ ನಿಂತಿತು. ಇಂದಿಗೂ ಎತ್ತರದಿಂದ ಬೀಳುವ ನೀರಿಗೆ ಪೆಲ್ಟನ್‌ನಷ್ಟು ಹೊಂದುವ ಚಕ್ರವಿಲ್ಲ. ಜೋಗದ ಮಹಾತ್ಮ ಗಾಂಧಿ ವಿದ್ಯುದಾಗಾರದಲ್ಲಿ, ಶರಾವತಿ ವಿದ್ಯುದಾಗಾರದಲ್ಲಿ ತಿರುಗುವುದೂ ಇದೇ ಬಗೆಯ ಚಕ್ರಗಳು.

ಮೂವತ್ತು ಅಡಿ ಏಕೆ ಎಂಬ ಪ್ರಶ್ನೆ ಎಲ್ಲರಿಗೂ ಬರುತ್ತದೆ. ಗಣಿಯ ಮೇಲ್ವಿಚಾರಕ ಎಂಜಿನಿಯರ್ ಆರ್ಥರ್ ಡಿ ವಿಂಟ್ ಫೂಟ್ 1895ರಲ್ಲಿ ಕಟ್ಟಿದ ಈ ಶಕ್ತಿಮನೆ ತಯಾರಿಸುತ್ತಿದ್ದದ್ದು ವಿದ್ಯುತ್ತನ್ನಲ್ಲ, ಒತ್ತಿದ ಗಾಳಿಯನ್ನು. ಆ ಗಾಳಿ ಕೊಳವೆಯಲ್ಲಿ ಹೋಗಿ ಗಣಿಯ ಯಂತ್ರಗಳನ್ನು ನಡೆಸುತ್ತಿತ್ತು. ಗಾಳಿ ಒತ್ತುವ ಯಂತ್ರ ನಿಧಾನವಾಗಿ ತಿರುಗಬೇಕು, ಆದರೆ ನೀರಿನ ಧಾರೆಯ ವೇಗ ವಿಪರೀತ. ಪೆಲ್ಟನ್ ಚಕ್ರದ ಅಂಚು ಧಾರೆಯ ವೇಗದ ಸುಮಾರು ಅರ್ಧದಷ್ಟು ವೇಗದಲ್ಲಿ ಓಡಿದಾಗ ಹೆಚ್ಚು ಬಲ ಸಿಗುತ್ತದೆ. ಅಂಚು ಅಷ್ಟು ವೇಗವಾಗಿ ಓಡುತ್ತಲೇ ನಡುವಿನ ಶಾಫ್ಟು ಮೆಲ್ಲಗೆ ತಿರುಗಬೇಕಾದರೆ ಚಕ್ರ ದೊಡ್ಡದಾಗಲೇಬೇಕು. ಹಲ್ಲುಚಕ್ರಗಳ ಗೊಡವೆಯಿಲ್ಲದೆ ನೇರವಾಗಿ ಜೋಡಿಸಲು ಫೂಟ್ ಕಂಡುಕೊಂಡ ಉಪಾಯ ಇದು. ಸಂಗ್ರಹಾಲಯದಲ್ಲಿ ಸಣ್ಣ ಪೆಲ್ಟನ್ ಚಕ್ರಗಳು ಮತ್ತು ಕಾರ್ನ್‌ವಾಲ್ ಮಾದರಿಯ ದೊಡ್ಡ ಪಂಪೂ ಇವೆ. ಒಂದೂವರೆ ಗಂಟೆಗಿಂತ ಕಡಿಮೆ ಸಮಯ ಇಟ್ಟುಕೊಂಡರೆ ಸಾಲದು.

ಸಮಯವಿದ್ದರೆ ಹತ್ತಿರದ ಎಂಪೈರ್ ಗಣಿ ಉದ್ಯಾನವನ್ನೂ, ಪಕ್ಕದ ನೆವಾಡಾ ಸಿಟಿಯಲ್ಲಿ ಪೆಲ್ಟನ್‌ನ ಆರಂಭದ ಚಕ್ರಗಳನ್ನು ಎರೆದ ಮೈನರ್ಸ್ ಫೌಂಡ್ರಿಯ ಕಟ್ಟಡವನ್ನೂ ನೋಡಬಹುದು. ಗುಡ್ಡ ಕರಗಿಸಿದ ಗಾಯ ಇನ್ನೂ ಕಾಣುವುದು ಮಲಕಾಫ್ ಡಿಗಿನ್ಸ್‌ನಲ್ಲಿ. ಅಲ್ಲಿಗೆ ಹೋಗುವ ದಾರಿಗಳಲ್ಲಿ ಒಂದು ಕಡಿದಾದ ಮಣ್ಣುರಸ್ತೆ, ಮೊಬೈಲ್ ಸಿಗ್ನಲ್ ನೆಚ್ಚುವಂತಿಲ್ಲ, ಪೆಟ್ರೋಲು ಮೊದಲೇ ತುಂಬಿಸಿಕೊಳ್ಳಬೇಕು. ಕ್ಯಾಂಪ್ಟನ್‌ವಿಲ್‌ನಲ್ಲಿ ಪೆಲ್ಟನ್ ಸ್ಮಾರಕವಿದೆ.

ತೆರೆದಿರುವ ದಿನ, ವೇಳೆ ಮತ್ತು ಶುಲ್ಕ ವರ್ಷ ವರ್ಷಕ್ಕೆ ಬದಲಾಗುವುದರಿಂದ ಹೊರಡುವ ವಾರದಲ್ಲಿ ಮೂರೂ ಕಡೆಗೆ ವಿಚಾರಿಸಿಕೊಳ್ಳಬೇಕು. ಹಾಳು ಬಿದ್ದ ಗಣಿಗಳ ಸುತ್ತ ಬಟ್ಟಲು, ಬೋಲ್ಟು, ಕೊಳವೆಯ ಚೂರು ಕಣ್ಣಿಗೆ ಬೀಳಬಹುದು, ಅವನ್ನು ಎತ್ತಿಕೊಂಡು ಬರಬಾರದು. ನೆನಪಿಗೆಂದು ಒಬ್ಬೊಬ್ಬರು ಒಂದೊಂದು ಬಟ್ಟಲು ಒಯ್ದರೆ ಚಕ್ರವೇ ಬರಿದಾಗುತ್ತದೆ. ಗ್ರಾಸ್ ವ್ಯಾಲಿ ಮತ್ತು ಸಟರ್ ಕ್ರೀಕ್ ಎರಡರಲ್ಲೂ ಯಂತ್ರಗಳಿಗೆ ಎಣ್ಣೆ ಹಾಕುವವರು, ವಿವರಿಸುವವರು ಸ್ವಯಂಸೇವಕರು. ಬಾಗಿಲ ಬಳಿಯ ಕಾಣಿಕೆ ಡಬ್ಬಿಯಲ್ಲಿ ಹಾಕುವ ಹಣ ಆ ಚಕ್ರಗಳ ಆರೈಕೆಗೇ ನೆರವಾಗುತ್ತದೆ. ಕೈಲಾದಷ್ಟು ಹಾಕಿ ಬನ್ನಿ.