ಕರ್ಪೂರದ ಊರಿನ ಸೂಫಿ: ಹಂಜಾ ಫನ್ಸೂರಿ

9ನೇ ತರಗತಿಗೆ ಈ ಪೂರಕ ಪಾಠ ಸಿದ್ಧಪಡಿಸುವಾಗ ವಿಜ್ಞಾನ ಓದಿದ ನನಗೆ ಸುಲಭವಾಗಿ ದಕ್ಕಿದ ಪೀಠಿಕೆ ಕರ್ಪೂರ. ಉತ್ಪತನದ ಪ್ರಯೋಗ ಮಕ್ಕಳಿಗೆ ಗೊತ್ತಿತ್ತು. “ಕರ್ಪೂರ ಎಲ್ಲಿಂದ ಬರುತ್ತದೆ?” ಎಂದು ಕೇಳಿದೆ. “ಅಂಗಡಿಯಿಂದ ಮಿಸ್” ಎಂದರು.

ಹಿಂದೆ ಹೆಸರಾಂತ ಕರ್ಪೂರ ಬರುತ್ತಿದ್ದುದು ಸುಮಾತ್ರಾದ ಪಶ್ಚಿಮ ಕರಾವಳಿಯ ಬಾರುಸ್ ಬಂದರಿನಿಂದ. ಅಲ್ಲಿನ ಕಾಡುಮರದ ಕಾಂಡದೊಳಗೆ ಅದು ಹರಳುಗಟ್ಟುತ್ತದೆ. (ರಾಸಾಯನಿಕವಾಗಿ ಅದು ಬೋರ್ನಿಯಾಲ್, ನಾವು ಆರತಿಗೆ ಹಚ್ಚುವ ಕರ್ಪೂರವಲ್ಲ.) ಬಾರುಸ್ ಬಳಿಯ ಲೋಬು ತುವಾದಲ್ಲಿ 1088ರ ತಮಿಳು ಶಾಸನವೊಂದು ದೊರೆತಿದೆ. ಅದು ಐನೂರ್ವರ ವರ್ತಕ ಸಂಘದ್ದು, ಆ ಸಂಘದ ಮೂಲ ನಮ್ಮ ಐಹೊಳೆ. ಭೂಪಟದಲ್ಲಿ ಎರಡೂ ಊರುಗಳನ್ನು ತೋರಿಸಿದ ಮೇಲೆ ತರಗತಿಗೆ ಸುಮಾತ್ರಾ ದೂರವೆನಿಸಲಿಲ್ಲ.

ಅರಬರು ಈ ಊರನ್ನು ಫನ್ಸೂರ್ ಎನ್ನುತ್ತಿದ್ದರು. ಹಂಜಾ ಫನ್ಸೂರಿಯವರ ಹೆಸರು ಬಂದದ್ದು ಅದರಿಂದಲೇ. 16ನೇ ಶತಮಾನದ ಈ ಸೂಫಿ ಕವಿ ಅರಬ್ಬಿ, ಪಾರಸಿ ಎರಡನ್ನೂ ಬಲ್ಲವರು, ಮೆಕ್ಕಾವರೆಗೆ ಸಂಚರಿಸಿದವರು. ಆದರೂ ‘ಷರಾಬ್ ಅಲ್ ಆಷಿಕೀನ್’ ಬರೆದದ್ದು ಮಲಯ ಭಾಷೆಯಲ್ಲಿ. ಆ ಎರಡು ಭಾಷೆ ಬಾರದವರಿಗೂ ವಿಷಯ ತಿಳಿಯಲಿ ಎಂಬ ಕಾರಣವನ್ನು ಅವರೇ ಕೊಟ್ಟಿದ್ದಾರೆ. ನಾಲ್ಕು ಸಾಲಿಗೂ ಒಂದೇ ಅಂತ್ಯಪ್ರಾಸವಿರುವ ಪದ್ಯಗಳನ್ನು ಬರೆದು, ಕೊನೆಯಲ್ಲಿ ತಮ್ಮ ಹೆಸರನ್ನು ಸೇರಿಸುತ್ತಿದ್ದರು. ದಾಸರ ಅಂಕಿತ ಗೊತ್ತಿದ್ದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ದೇವರು ಕಡಲು, ಜಗತ್ತು ಅಲೆ ಎಂಬುದು ಅವರ ಪ್ರಿಯ ಹೋಲಿಕೆ. ಕಪ್ಪುಹಲಗೆಯ ಮೇಲೆ ಅಲೆ ಬರೆದು, “ನೀರನ್ನು ಬಿಟ್ಟು ಅಲೆ ಉಂಟೇ?” ಎಂದೆ. ಇದೇ ವಿಚಾರ ಮುಂದೆ ಬೆಂಕಿಗೆ ಕಾರಣವಾಯಿತು. 1637ರಲ್ಲಿ ಗುಜರಾತಿನ ರಾಂದೇರ್ ಮೂಲದ ನೂರುದ್ದೀನ್ ರಾನೀರಿ ಆಚೆ ರಾಜ್ಯಕ್ಕೆ ಬಂದು, ಸುಲ್ತಾನ ಇಸ್ಕಂದರ್ ತಾನಿಯ ಆಶ್ರಯ ಪಡೆದರು. ಸೃಷ್ಟಿಕರ್ತನನ್ನೂ ಸೃಷ್ಟಿಯನ್ನೂ ಒಂದಾಗಿಸುವ ಬೋಧನೆ ಧರ್ಮವಿರೋಧಿ ಎಂದು ಸಾರಿದರು. ಹಂಜಾ ಆಗ ಬದುಕಿರಲಿಲ್ಲ. ಅವರ ಗ್ರಂಥಗಳನ್ನು ದೊಡ್ಡ ಮಸೀದಿಯ ಮುಂದೆ ಸುಟ್ಟರು. ಆ ಪಂಥದ ಕೆಲವರನ್ನು ಕೊಂದರು.

ರಾನೀರಿಯವರನ್ನು ಬರೀ ಖಳನಾಗಿಸಿ ಪಾಠ ಮುಗಿಸುವುದು ನನಗೆ ಒಪ್ಪಿಗೆಯಿರಲಿಲ್ಲ. ಅವರೂ ದೊಡ್ಡ ವಿದ್ವಾಂಸರು. ಹಂಜಾರನ್ನು ಖಂಡಿಸಲು ಅವರೂ ಮಲಯದಲ್ಲೇ ಬರೆಯಬೇಕಾಯಿತು ಎಂದಾಗ ಹಿಂದಿನ ಬೆಂಚಿನಲ್ಲಿ ನಗು ಎದ್ದಿತು.

“ಸುಟ್ಟ ಪುಸ್ತಕ ನಿಮಗೆ ಹೇಗೆ ಸಿಕ್ಕಿತು ಮಿಸ್?” ಎಂದು ಒಬ್ಬಳು ಕೇಳಿದಳು. ಇಡೀ ಅವಧಿಯಲ್ಲಿ ನನಗೆ ಬೇಕಿದ್ದ ಪ್ರಶ್ನೆ ಅದೇ. ಕೈಬರಹದ ಪ್ರತಿಗಳು ಆಗಲೇ ಊರೂರು ಸೇರಿದ್ದವು; ಜಾವಾ ದ್ವೀಪದಲ್ಲಿ ಅನುವಾದಗಳೂ ಆದವು. 1661ರಲ್ಲಿ ಅರೇಬಿಯಾದಿಂದ ಆಚೆಗೆ ಮರಳಿದ ಅಬ್ದುರ್ರವೂಫ್ ಸಿಂಕಿಲಿ, ಇನ್ನೊಬ್ಬರನ್ನು ಸುಲಭವಾಗಿ ಧರ್ಮಭ್ರಷ್ಟರೆನ್ನಬೇಡಿ ಎಂದು ಎಚ್ಚರಿಸಿದರು. ಇಡೀ ಕುರಾನಿಗೆ ಮಲಯದಲ್ಲಿ ಮೊದಲ ವ್ಯಾಖ್ಯಾನ ಬರೆದವರೂ ಅವರೇ.

ಗೃಹಪಾಠ: ಕೊನೆಯಲ್ಲಿ ಅಂಕಿತವಿರುವ ಒಂದು ಕನ್ನಡ ಪದವನ್ನು ಮನೆಯ ಹಿರಿಯರಿಂದ ಕೇಳಿ ಬರೆದು ತನ್ನಿ.