ತಲೆಗೆ ಪೆಟ್ಟಾದ ಮಗು ಮತ್ತೆ ಶಾಲೆಗೆ ಹೊರಟಾಗ

ಹೊಲಿಗೆ ಬಿಚ್ಚಿಯಾಯಿತು. ಕೂದಲು ಬೆಳೆದು ಗಾಯದ ಗುರುತೂ ಮುಚ್ಚಿತು. ‘ಇನ್ನು ಸ್ಕೂಲಿಗೆ ಕಳಿಸಿ’ ಎಂದರು ಡಾಕ್ಟರು. ಬೈಕಿನಿಂದ ಬಿದ್ದು, ತಡೆಗೋಡೆಯಿಲ್ಲದ ತಾರಸಿಯಿಂದ ಜಾರಿ, ಮರದಿಂದ ಉರುಳಿ ಮಿದುಳಿಗೆ ಗಾಯ ಮಾಡಿಕೊಂಡ ಮಕ್ಕಳ ಮನೆಗಳಲ್ಲಿ ಕಷ್ಟದ ಎರಡನೇ ಕಂತು ಶುರುವಾಗುವುದು ಆಮೇಲೆ.

ಐದನೇ ತರಗತಿಯ ಹುಡುಗನೊಬ್ಬ ಹನ್ನೆರಡರ ಮಗ್ಗಿಯನ್ನು ತಡವರಿಸದೆ ಒಪ್ಪಿಸುತ್ತಾನೆ ಎಂದಿಟ್ಟುಕೊಳ್ಳಿ. ಬೆಳಿಗ್ಗೆ ಹೇಳಿಕೊಟ್ಟ ಭಿನ್ನರಾಶಿ ಮಾತ್ರ ಊಟದ ಬೆಲ್ ಹೊಡೆಯುವಷ್ಟರಲ್ಲಿ ಮರೆತಿರುತ್ತದೆ. ‘ಮಗ್ಗಿ ಬರುತ್ತೆ, ಇದು ಬರಲ್ವಾ? ಎಲ್ಲಾ ನಾಟಕ’ ಎಂದು ಮೇಷ್ಟ್ರು ಗದರುತ್ತಾರೆ. ನಾಟಕವಲ್ಲ. ಪೆಟ್ಟಿಗೆ ಮುಂಚೆ ಕಲಿತದ್ದು ಬಹುಮಟ್ಟಿಗೆ ಉಳಿದು, ಹೊಸದಾಗಿ ಕಲಿತದ್ದು ನಿಲ್ಲದಿರುವುದು ಮಿದುಳಿನ ಗಾಯದಲ್ಲಿ ಸಾಮಾನ್ಯ. ಮಗು ನೋಡಲು ಚೆನ್ನಾಗಿದೆ ಎಂಬುದೇ ಅದಕ್ಕೆ ಮುಳುವಾಗುತ್ತದೆ. ಕೈಗೆ ಪ್ಲಾಸ್ಟರ್ ಹಾಕಿದ್ದರೆ ಯಾರೂ ‘ಬರಿ’ ಎನ್ನುತ್ತಿರಲಿಲ್ಲ.

ಮೊದಲ ದಿನಗಳು

ಪೆಟ್ಟು ಚಿಕ್ಕದೇ ಆಗಿದ್ದರೂ ಮೊದಲ 24ರಿಂದ 48 ಗಂಟೆ ಓದು, ಆಟ, ಮೊಬೈಲ್, ಟಿವಿ ಎಲ್ಲಕ್ಕೂ ಕಡಿವಾಣವಿರಲಿ. ಹಾಗೆಂದು ವಾರಗಟ್ಟಲೆ ಕತ್ತಲೆ ಕೋಣೆಯಲ್ಲಿ ಮಲಗಿಸಬೇಕಿಲ್ಲ. ಅದರಿಂದ ಚೇತರಿಕೆ ತಡವಾಗುತ್ತದೆ. ಆಮೇಲೆ ದಿನದಿನಕ್ಕೆ ಸ್ವಲ್ಪಸ್ವಲ್ಪ ಚಟುವಟಿಕೆ ಹೆಚ್ಚಿಸಿ, ತಲೆನೋವು ಜಾಸ್ತಿಯಾದರೆ ಒಂದು ಹೆಜ್ಜೆ ಹಿಂದೆ ಸರಿಯಿರಿ. ಮತ್ತೆಮತ್ತೆ ವಾಂತಿ, ಏರುತ್ತಲೇ ಹೋಗುವ ತಲೆನೋವು, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್, ಮೂಗು ಅಥವಾ ಕಿವಿಯಿಂದ ನೀರಿನಂಥ ದ್ರವ, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿ ಕಾಣುವುದು – ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ.

ಮನೆಯಲ್ಲಿ

ಎಲ್ಲಕ್ಕಿಂತ ಮೊದಲು ಸುಧಾರಿಸಬೇಕಾದ್ದು ಸುಸ್ತು. ಪಾಠ, ನೆನಪು, ಸಿಟ್ಟು ಎಲ್ಲವೂ ಇದರ ಮೇಲೇ ನಿಂತಿವೆ. ಗಾಯಗೊಂಡ ಮಿದುಳಿಗೆ ಸ್ನಾನ, ಬಟ್ಟೆ, ತಿಂಡಿಯಂಥ ದಿನನಿತ್ಯದ ಕೆಲಸಗಳೂ ದುಡಿಮೆಯೇ. ಒಂದು ನೋಟ್‌ಬುಕ್ ಇಟ್ಟು, ಎಷ್ಟು ಗಂಟೆಗೆ ಮಗು ಮಂಕಾಗುತ್ತದೆ, ಎಷ್ಟು ಹೊತ್ತಿಗೆ ರೇಗುತ್ತದೆ, ರಾತ್ರಿ ಎಷ್ಟು ಮಲಗಿತು ಎಂದು ಎರಡು ವಾರ ಬರೆಯಿರಿ. ದಣಿಯುವ ಹೊತ್ತು ತಾನಾಗಿಯೇ ಗೊತ್ತಾಗುತ್ತದೆ. ಅದಕ್ಕೂ ಅರ್ಧ ಗಂಟೆ ಮುಂಚೆಯೇ ಮಲಗಿಸಿ. ದಣಿದ ಮೇಲೆ ಕೊಡುವ ವಿಶ್ರಾಂತಿ ಅಷ್ಟಾಗಿ ಪ್ರಯೋಜನಕ್ಕೆ ಬರುವುದಿಲ್ಲ.

‘ಬಟ್ಟೆ ಹಾಕ್ಕೊಂಡು, ಬ್ಯಾಗ್ ತಗೊಂಡು, ನೀರಿನ ಬಾಟ್ಲಿ ತುಂಬಿಸ್ಕೊಂಡು ಬಾ’ ಎಂದರೆ ಮಗು ಬಟ್ಟೆ ಹಾಕಿಕೊಂಡು ಸುಮ್ಮನೆ ನಿಂತುಬಿಡಬಹುದು. ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ಬೆಳಗಿನ ಕೆಲಸಗಳ ಪಟ್ಟಿಯನ್ನು ದಪ್ಪ ಅಕ್ಷರದಲ್ಲಿ ಬರೆದು ಬಾಗಿಲಿಗೆ ಅಂಟಿಸಿ.

ಪಾಠ ಹೇಳಿಕೊಡುವಾಗ ‘ನೆನಪು ಮಾಡ್ಕೋ, ಯೋಚನೆ ಮಾಡು’ ಎಂದು ಒತ್ತಾಯಿಸಬೇಡಿ. ಊಹೆ ಮಾಡಿ ಹೇಳಿದ ತಪ್ಪು ಉತ್ತರವೇ ಮನಸ್ಸಿನಲ್ಲಿ ಕೂತುಬಿಡುವ ಅಪಾಯವಿದೆ. ಸರಿಯುತ್ತರ ನೀವೇ ಹೇಳಿ, ಕೂಡಲೇ ಮಗುವಿನಿಂದ ಹೇಳಿಸಿ. ಎರಡು ನಿಮಿಷ ಬಿಟ್ಟು ಮತ್ತೆ ಕೇಳಿ, ಆಮೇಲೆ ಹತ್ತು ನಿಮಿಷ, ಆಮೇಲೆ ಸಂಜೆ.

‘ಮೊದಲು ಹೀಗಿರ್ಲಿಲ್ಲ’ ಎಂಬ ಮಾತು ಇಂಥ ಮನೆಗಳಲ್ಲಿ ಪದೇಪದೇ ಕೇಳಿಸುತ್ತದೆ. ಸಿಟ್ಟು, ಹಟ, ಯೋಚಿಸದೆ ಆಡುವ ಮಾತು – ಇವನ್ನು ತಡೆದುಕೊಳ್ಳುವ ಶಕ್ತಿ ಹಣೆಯ ಹಿಂದಿನ ಭಾಗದ ಮಿದುಳಿನದು, ಪೆಟ್ಟು ತಿಂದಿರುವುದು ಎಷ್ಟೋ ಸಲ ಅದೇ. ದೃಷ್ಟಿ ತೆಗೆದರೆ ಹೋಗುವಂಥದ್ದಲ್ಲ, ಬೈದರಂತೂ ಹೋಗುವುದೇ ಇಲ್ಲ. ಗದ್ದಲದಿಂದ ಆಚೆ ಕರೆದೊಯ್ದು ಕೂರಿಸಿ, ಬುದ್ಧಿಮಾತನ್ನು ತಣ್ಣಗಾದ ಮೇಲೆ ಎರಡು ವಾಕ್ಯದಲ್ಲಿ ಮುಗಿಸಿ. ‘ಅವನಿಗೆ ಮಾತ್ರ ಹೋಮ್‌ವರ್ಕ್ ಯಾಕಿಲ್ಲ?’ ಎನ್ನುವ ಅಕ್ಕ-ತಮ್ಮಂದಿರಿಗೂ ಇದನ್ನು ತಿಳಿಹೇಳಬೇಕು.

ಫಿಟ್ಸ್ ಬಂದರೆ ಕೈಗೆ ಕಬ್ಬಿಣ ಕೊಡುವುದು, ಮೂಗಿಗೆ ಈರುಳ್ಳಿ ಹಿಡಿಯುವುದು ಬೇಡ. ಬಾಯಿಗೆ ಏನನ್ನೂ ತುರುಕಬಾರದು. ಮಗ್ಗುಲಿಗೆ ಮಲಗಿಸಿ ಗಡಿಯಾರ ನೋಡಿ. ಮೊದಲ ದಿನಗಳಲ್ಲಾದರೆ, ಮೇಲೆ ಹೇಳಿದಂತೆ, ಕಾಯದೆ 108; ಆಮೇಲಾದರೆ ಐದು ನಿಮಿಷ ದಾಟಿದಾಗ ಆಸ್ಪತ್ರೆ. ‘ಈಗ ಬರ್ತಿಲ್ವಲ್ಲ’ ಎಂದು ಫಿಟ್ಸಿನ ಮಾತ್ರೆ ನಿಲ್ಲಿಸುವುದೂ ಸಲ್ಲದು.

ಶಾಲೆಗೊಂದು ಪತ್ರ

ಡಿಸ್ಚಾರ್ಜ್ ಸಮ್ಮರಿ ಇಂಗ್ಲಿಷಿನಲ್ಲಿರುತ್ತದೆ, ತುಂಬ ಮೂಳೆ-ಸ್ಕ್ಯಾನಿನ ಮಾತು. ಮೇಷ್ಟ್ರಿಗೆ ಅದರಿಂದ ಏನೂ ತಿಳಿಯದು. ಮಗು ಶಾಲೆಗೆ ಮರಳುವ ಮುನ್ನವೇ ಮುಖ್ಯೋಪಾಧ್ಯಾಯರು, ಕ್ಲಾಸ್ ಟೀಚರ್, ಪಿ.ಟಿ. ಮೇಷ್ಟ್ರು – ಮೂವರನ್ನೂ ಕಂಡು, ಅರ್ಧ ಪುಟದ ಕನ್ನಡ ಪತ್ರ ಕೊಡಿ. ಹೀಗಿದ್ದರೆ ಸಾಕು: ‘ನನ್ನ ಮಗಳ ಮಿದುಳಿಗೆ ಪೆಟ್ಟಾಗಿದೆ. ಹನ್ನೊಂದರ ನಂತರ ಬೇಗ ದಣಿಯುತ್ತಾಳೆ. ಜೋರು ಸದ್ದಿಗೆ ತಲೆನೋವು ಬರುತ್ತದೆ. ಬೋರ್ಡು ನೋಡಿ ಬರೆಯುವುದು ನಿಧಾನ. ಡಾಕ್ಟರ್ ಹೇಳುವವರೆಗೆ ಆಟಕ್ಕೆ ಬಿಡಬೇಡಿ. ವಾಂತಿ, ಮಂಪರು ಕಂಡರೆ ತಕ್ಷಣ ಫೋನ್ ಮಾಡಿ.’

ಮೊದಲ ಕೆಲವು ವಾರ ಅರ್ಧ ದಿನದ ಶಾಲೆ ಕೇಳಿ. ಗಣಿತದಂಥ ಕಷ್ಟದ ವಿಷಯ ಬೆಳಗಿನ ಪೀರಿಯಡ್ಡಿಗೆ ಬಂದರೆ ಒಳ್ಳೆಯದು. ಕಿಟಕಿ, ಬಾಗಿಲಿನಿಂದ ದೂರದ ಮುಂದಿನ ಬೆಂಚು ಕೊಡಿಸಿ. ಬೋರ್ಡಿನಿಂದ ಇಳಿಸಿಕೊಳ್ಳುವಾಗ ನೋಡಬೇಕು, ನೆನಪಿಡಬೇಕು, ಬರೆಯಬೇಕು; ಮೂರೂ ಒಟ್ಟಿಗೆ ಆಗುವುದಿಲ್ಲ. ಪಕ್ಕದ ಮಗುವಿನ ನೋಟ್ಸಿನ ಫೋಟೊ ತೆಗೆದು ಮನೆಗೆ ಕಳಿಸಿದರೂ ನಡೆಯುತ್ತದೆ. ಪ್ರಶ್ನೆ ಕೇಳಿ ಹತ್ತು ಸೆಕೆಂಡು ಸುಮ್ಮನಿರುವುದು ಶಿಕ್ಷಕರಿಗೆ ಕಷ್ಟ, ಗೊತ್ತು. ಆದರೆ ಉತ್ತರ ಬರುವುದು ಆ ಹತ್ತು ಸೆಕೆಂಡಿನ ಆಚೆಯೇ. ಹತ್ತು ಲೆಕ್ಕದ ಬದಲು ನಾಲ್ಕು ಮಾಡಿಸಿದರೆ ಕಲಿಕೆ ಕಮ್ಮಿಯಾಗುವುದಿಲ್ಲ.

ಕಬಡ್ಡಿ, ಕ್ರಿಕೆಟ್‌ಗೆ ಮರಳುವುದು ಕೊನೆಯ ಹಂತ. ಪೂರ್ತಿ ದಿನದ ಶಾಲೆ ತೊಂದರೆಯಿಲ್ಲದೆ ಸಾಗಬೇಕು, ಡಾಕ್ಟರ್ ಒಪ್ಪಬೇಕು. ಮೊದಲ ಗಾಯ ಮಾಯುವ ಮುನ್ನ ಬೀಳುವ ಎರಡನೇ ಪೆಟ್ಟು ಹೆಚ್ಚು ಅಪಾಯಕಾರಿ. ಅಂದಹಾಗೆ, 4 ವರ್ಷ ದಾಟಿದ ಮಗುವಿಗೂ ಬೈಕಿನಲ್ಲಿ ಹೆಲ್ಮೆಟ್ ಕಡ್ಡಾಯ.

ಎಲ್ಲಿ ಕೇಳಬೇಕು

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರವೈಜ್ಞಾನಿಕ ಪುನರ್ವಸತಿ ವಿಭಾಗವಿದೆ; ನೆನಪು, ಗಮನದ ಪರೀಕ್ಷೆಯೂ ನಡೆಯುತ್ತದೆ. ಮಾತು ತೊದಲಿದರೆ, ಪದ ಸಿಗದಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗಬಹುದು. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದ (ಬಿಆರ್‌ಸಿ) ಕಚೇರಿಯಲ್ಲಿ ಅಂಗವಿಕಲ ಮಕ್ಕಳ ಶಿಕ್ಷಣ ನೋಡಿಕೊಳ್ಳುವ ಬಿಐಇಆರ್‌ಟಿ ಶಿಕ್ಷಕರಿರುತ್ತಾರೆ. ಅವರ ವಿಷಯ ಗೊತ್ತಿರುವ ಪೋಷಕರೇ ಕಮ್ಮಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಮಿದುಳಿನ ಗಾಯಕ್ಕೆ ಪ್ರತ್ಯೇಕ ಹೆಸರಿಲ್ಲ. ಗಾಯದಿಂದ ಉಳಿದುಕೊಂಡ ಕೈಕಾಲಿನ, ಮಾತಿನ, ಬುದ್ಧಿಯ ತೊಂದರೆಯನ್ನು ಅಳೆದೇ ಅಂಗವಿಕಲರ ಗುರುತಿನ ಚೀಟಿ (ಯುಡಿಐಡಿ ಕಾರ್ಡ್) ಕೊಡುತ್ತಾರೆ. ಅಂಗವೈಕಲ್ಯ ಶೇ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಎಸ್‌ಎಸ್‌ಎಲ್‌ಸಿಯಲ್ಲಿ ಬರೆಯಲು ಸಹಾಯಕ, ಹೆಚ್ಚುವರಿ ಸಮಯ ಬೇಕಿದ್ದರೆ ಶಾಲೆಯ ಮೂಲಕವೇ ಅರ್ಜಿ ಹೋಗಬೇಕು. ಪರೀಕ್ಷೆ ಹತ್ತಿರ ಬರುವವರೆಗೆ ಕಾಯದೆ ವರ್ಷದ ಆರಂಭದಲ್ಲೇ ಮಾತಾಡಿ.

ಆರನೇ ವಯಸ್ಸಿನಲ್ಲಿ ಬಿದ್ದ ಪೆಟ್ಟು ಹೈಸ್ಕೂಲಿನಲ್ಲಿ ತಲೆ ಎತ್ತುವುದೂ ಉಂಟು. ಯೋಜನೆ ಹಾಕುವುದು, ಸಮಯ ಹೊಂದಿಸುವುದು ಅಲ್ಲಿಯವರೆಗೆ ಮಗುವಿಗೆ ಬೇಕಾಗಿರುವುದಿಲ್ಲ. ಆಗ ಯಾರಿಗೂ ಹಳೆಯ ಅಪಘಾತ ನೆನಪಾಗುವುದಿಲ್ಲ. ಆಸ್ಪತ್ರೆಯ ಕಾಗದ, ಸ್ಕ್ಯಾನ್, ಶಾಲೆಗೆ ಕೊಟ್ಟ ಪತ್ರ ಎಲ್ಲವನ್ನೂ ಒಂದೇ ಫೈಲಿನಲ್ಲಿಟ್ಟು, ಪ್ರತಿ ಜೂನ್‌ನಲ್ಲಿ ಹೊಸ ಕ್ಲಾಸ್ ಟೀಚರ್‌ಗೆ ಒಂದು ಜೆರಾಕ್ಸ್ ತಲುಪಿಸಿ.